ಮಂಜು ಮುಚ್ಚಿದ ಮೇಲೆ ನೋಡೋದೇನು? ಮಳೆಗಾಲದಲ್ಲೇ ಮಲೆನಾಡು, ಕರಾವಳಿ ಸುತ್ತೋರಿಗೊಂದು ಪ್ರಶ್ನೆ

ಶೇಂಗಾಹೊಲ

ನಮ್ಮದು ಚಳ್ಳಕೆರೆ ಕಡೆ. ವರ್ಷವೆಲ್ಲಾ ಬಿದ್ದ ಮಳೆ ಕೂಡಿಸಿ ಅರ್ಧ ಮೀಟರ್ ಮುಟ್ಟಿದ್ರೆ ನಮ್ಮಲ್ಲಿ ಅದು ಒಳ್ಳೇ ವರ್ಷ. ಆಫೀಸಿನಲ್ಲಿರೋ ಮಲೆನಾಡಿನವರು ಮಾತ್ರ ಜುಲೈ ಬಂದ್ರೆ ಸಾಕು, ರಜೆ ಹಾಕಿ ಘಾಟಿ ಕಡೆ ಓಡ್ತಾರೆ. ವಾಪಸ್ ಬಂದು ಫೋಟೋ ತೋರಿಸ್ತಾರೆ. ಪೂರ್ತಿ ಬಿಳಿ. ಬಿಳಿ ಮುಂದೆ ಒಂದು ರೇನ್‌ಕೋಟು, ರೇನ್‌ಕೋಟಿನೊಳಗೆ ನಗು. "ಇದು ಜೋಗ" ಅಂತಾರೆ, ನಂಬ್ಬೇಕು.

ಜಲಪಾತ ಮಂಜಲ್ಲಿ ಮುಚ್ಚಿರುತ್ತೆ, ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಚಾರಣದ ದಾರಿ ಅರ್ಧ ಬಂದ್, ಬಟ್ಟೆ ಒಣಗಲ್ಲ, ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ. ಇಷ್ಟಿದ್ರೂ ಮಳೆಗಾಲದಲ್ಲೇ ಬನ್ನಿ ಅಂತೀರಲ್ಲ, ಅದರಲ್ಲಿರೋ ಸುಖ ಏನು? ಕೆಣಕೋಕೆ ಕೇಳ್ತಿಲ್ಲ. ಅಪ್ಪ ಅಮ್ಮನ್ನ ಕರ್ಕೊಂಡು ಶೃಂಗೇರಿ, ಹೊರನಾಡು, ಆಗುಂಬೆ, ಉಡುಪಿ ಅಂತ ಒಂದು ಸುತ್ತು ಹಾಕೋ ಯೋಚನೆ ಇದೆ. ಅಮ್ಮಂಗೆ ಮಂಡಿನೋವು. ನೋಡಲೇಬೇಕಾದ ಜಾಗಗಳ ಪಟ್ಟಿ ಬೇಡ, ಅದು ಎಲ್ಲಾ ಕಡೆ ಸಿಗುತ್ತೆ. ನೀವು ಯಾಕೆ ಹೋಗ್ತೀರಿ ಅದು ಹೇಳಿ.

ಅಡಿಕೆಸೋಗೆ

ತೀರ್ಥಹಳ್ಳಿ ಸೀಮೆಯವಳು, ಹಾಗಾಗಿ ಪಕ್ಷಪಾತ ಇದ್ದೇ ಇದೆ.

ನಿಮ್ಮ ಸ್ನೇಹಿತರು ಸುಳ್ಳು ಹೇಳ್ತಿಲ್ಲ, ಕಾಣೋದು ಬಿಳಿಯೇ. ಆರಿದ್ರಾ, ಪುನರ್ವಸು, ಪುಷ್ಯ, ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್ ಶುರುವಿನ ತನಕ, ಆಗುಂಬೆಯ ಸೂರ್ಯಾಸ್ತ ಕಟ್ಟೆಗೆ ಹೋಗಿ ನಿಂತ್ಕೊಳ್ಳೋರನ್ನ ನೋಡಿದ್ರೆ ನಮಗೂ ನಗು ಬರುತ್ತೆ. ಅದು ನವೆಂಬರ್‌ನಿಂದ ಜನವರಿ ತನಕದ ಜಾಗ. ಮಳೆಗಾಲದ ತಿರುಗಾಟದಲ್ಲಿ ಕಣ್ಣಿಗೆ ಕೆಲಸ ಕಡಿಮೆ, ಕಿವಿಗೂ ನಾಲಿಗೆಗೂ ಜಾಸ್ತಿ. ಕಣ್ಣಿಗೆ ಅಂತ ಬಂದವರಿಗೆ ನಿರಾಸೆ ಖಂಡಿತ.

ಹೆಂಚಿನ ಮೇಲೆ ಬೀಳೋ ಮಳೆ ಒಂದು, ಕೊಟ್ಟಿಗೆಯ ತಗಡಿನ ಮೇಲೆ ಬೀಳೋದೇ ಬೇರೆ, ಅಡಿಕೆ ತೋಟದ ಮೇಲೆ ದೂರದಿಂದ ನಡ್ಕೊಂಡು ಬರೋದು ಇನ್ನೂ ಬೇರೆ. ತೋಟದಾಚೆ ಗುಡ್ಡದಲ್ಲಿ ಶಬ್ದ ಶುರುವಾಗಿ ಮನೆ ಮುಟ್ಟೋಕೆ ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಒಣಗೋಕೆ ಹಾಕಿದ್ದನ್ನ ಒಳಗೆ ತರಬಹುದು. ಸೋನೆ, ಜಡಿ, ಜಿರಿಜಿರಿ, ಸುರಿ ಅಂತ ನಾವು ಬೇರೆ ಬೇರೆ ಹೇಳೋದು ಸುಮ್ಮನೆ ಅಲ್ಲ, ಜಗಲಿ ಮೇಲೆ ಅರ್ಧ ದಿನ ಕೂತ್ರೆ ನಿಮಗೇ ಗೊತ್ತಾಗುತ್ತೆ. ಸಂಜೆ ಕಪ್ಪೆ ಶುರುವಾದ ಮೇಲೆ ಫೋನಲ್ಲಿ ಮಾತಾಡೋಕೂ ಆಗಲ್ಲ.

ಇನ್ನು ಹಂಡೆ ನೀರು. ಬಚ್ಚಲೊಲೆಗೆ ಕಟ್ಟಿಗೆ ಹಾಕಿ ಬೆಳಿಗ್ಗೆಯಿಂದ ಕಾದ ನೀರು, ಹೊರಗೆ ಮಳೆ, ಒಳಗೆ ಹೊಗೆವಾಸನೆ. ಯಾವ ರೆಸಾರ್ಟಿನ ಸ್ಪಾಗೂ ಇದರ ಹತ್ರ ಬರೋ ಯೋಗ್ಯತೆ ಇಲ್ಲ. ಅಮ್ಮನ ಮಂಡಿಗೂ ಒಳ್ಳೇದು.

ಲೆಕ್ಕ ಬೇಕಂದ್ರೆ: ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿ.ಮೀ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಬಿದ್ದ ದಾಖಲೆ ಇದೆ. ನೀವು ಹೇಳಿದ ಅರ್ಧ ಮೀಟರ್ ಲೆಕ್ಕದಲ್ಲಿ ಚಳ್ಳಕೆರೆಗೆ ಒಂಬತ್ತು ವರ್ಷಕ್ಕಾಗೋ ಮಳೆ ಅದು. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಘಾಟಿ ಕೆಳಗಿನ ಸೋಮೇಶ್ವರದಿಂದ ಐನೂರು ಮೀಟರಿಗಿಂತ ಜಾಸ್ತಿ ಒಂದೇ ಸಲಕ್ಕೆ ಮೇಲೇರಬೇಕು, ಏರುವಾಗ ತಣ್ಣಗಾಗಿ ಇದ್ದಬದ್ದದ್ದೆಲ್ಲ ಇಲ್ಲೇ ಸುರೀತದೆ. ಆಚೆ ಇಳಿಯೋ ಹೊತ್ತಿಗೆ ಕೈ ಖಾಲಿ. ನಿಮ್ಮ ಪಾಲಿನ ಮಳೆ ನಮ್ಮ ಮಾಡಿನ ಮೇಲೆ ಬೀಳ್ತಾ ಇದೆ, ಒಂದ್ಸಲ ಬಂದು ನೋಡ್ಕೊಂಡು ಹೋಗಿ.

ಮಾಸ್ತಿಕಟ್ಟೆ

ಮತ್ತೆ ಆಗುಂಬೆ. ನಮ್ಮ ಹುಲಿಕಲ್ ಮಳೆಮಾಪನದ ಲೆಕ್ಕ ಯಾರೂ ತೆಗೆದು ನೋಡಲ್ಲ. ಎಷ್ಟೋ ವರ್ಷ ಆಗುಂಬೆಗಿಂತ ನಮ್ಮಲ್ಲೇ ಜಾಸ್ತಿ ಬಿದ್ದಿದೆ. ಪ್ರಚಾರ ಅವರಿಗೆ, ರಕ್ತ ಹೀರೋ ಇಂಬಳ ನಮಗೆ.

ಅಡಿಕೆಸೋಗೆ

@ಮಾಸ್ತಿಕಟ್ಟೆ ತಗೊಳ್ಳಿ ಮಾರಾಯ್ರೆ, ಪಟ್ಟ ನಿಮಗೇ ಇರಲಿ. ಇಂಬಳ ಮಾತ್ರ ನಮ್ಮಲ್ಲೂ ಬೇಕಾದಷ್ಟಿದೆ.

ಘಾಟಿಸಾರಥಿ

ಸುಖದ ಮಾತು ಆಗ್ತಾ ಇರಲಿ, ಮಧ್ಯೆ ನನ್ನದೊಂದು. ಶಿರಾಡಿ, ಚಾರ್ಮಾಡಿ, ಆಗುಂಬೆ ಮೂರರಲ್ಲೂ ಬಾಡಿಗೆ ಹೊಡೆಯೋನು ನಾನು.

ಮೊದಲು ಅಲರ್ಟ್ ಅರ್ಥ ಮಾಡ್ಕೊಳ್ಳಿ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದ್ರೆ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ, 204.4 ಮೀರಿದ್ರೆ ಅದಕ್ಕೂ ಮೇಲೆ. ರೆಡ್ ಅಂದ್ರೆ ಆ ಕೊನೇದಕ್ಕೆ ತಯಾರಾಗಿರಿ ಅಂತ. ಹಳದಿ ಇದ್ರೆ ಮಲೆನಾಡಿನಲ್ಲಿ ಅದು ಮಾಮೂಲಿ ದಿನ. ಕಿತ್ತಳೆ ಇದ್ರೆ ಘಾಟಿ ಹತ್ತೋ ಮುಂಚೆ ನಾನು ಕೆಳಗೆ ಚಹಾ ಕುಡೀತಾ ಮೇಲಿಂದ ಇಳಿದು ಬಂದ ಡ್ರೈವರ್‌ನ ಕೇಳ್ತೀನಿ. ರೆಡ್ ಇದ್ರೆ ಗಾಡಿ ತೆಗೆಯಲ್ಲ. ಗಿರಾಕಿ ಬೈದ್ರೂ ಸರಿ.

2024ರ ಜುಲೈ 16, ಅಂಕೋಲಾ ಹತ್ರ ಶಿರೂರು. ಹೆದ್ದಾರಿ 66ರ ಪಕ್ಕ ಚಹಾ ಅಂಗಡಿ, ನಿಂತ ಲಾರಿ, ಮೇಲಿಂದ ಗುಡ್ಡ. ಗಂಗಾವಳಿ ಹೊಳೆಯಲ್ಲಿ ಎರಡು ತಿಂಗಳ ಮೇಲೆ ಹುಡುಕಿದ್ರು. ಅವರೇನು ಹುಚ್ಚು ಸಾಹಸಕ್ಕೆ ಹೋದವರಲ್ಲ, ಚಹಾಕ್ಕೆ ನಿಂತಿದ್ದವರು. ಅದಕ್ಕೇ ಹೇಳೋದು, ಗುಡ್ಡ ನೆಟ್ಟಗೆ ಕಡಿದು ರಸ್ತೆ ಮಾಡಿರೋ ಕಡೆ ಮಳೆಯಲ್ಲಿ ನಿಲ್ಲಿಸಬೇಡಿ, ಫೋಟೋ ಎಷ್ಟೇ ಚೆನ್ನಾಗಿ ಬರ್ಲಿ.

ಚಾರ್ಮಾಡಿಯಲ್ಲಿ ದಾರಿಬದಿ ಪೂರ್ತಿ ಝರಿ ಇಳೀತಿರುತ್ತೆ. ಬಂಡೆ ಹತ್ತಿ ಕುಣಿಯೋರು, ತಿರುವಲ್ಲಿ ಗಾಡಿ ನಿಲ್ಸಿ ಹಾಡು ಹಾಕೋರು. ಪೊಲೀಸರು ಓಡಿಸ್ತಾರೆ, ಅವರು ಹೋದ ಮೇಲೆ ಮತ್ತೆ ಬರ್ತಾರೆ. 2019ರಲ್ಲಿ ಇದೇ ಘಾಟಿ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು ಅನ್ನೋದು ಎಲ್ಲರಿಗೂ ಮರೆತುಹೋಗಿದೆ. ಆಗುಂಬೆಯ 14 ತಿರುವಿನಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬಿಡಲ್ಲ, ಸಣ್ಣ ಗಾಡಿಗೆ ತೊಂದರೆ ಇಲ್ಲ. ಹಗಲಲ್ಲೇ ಇಳೀರಿ. ಮಂಜಲ್ಲಿ ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗ್ತೀರಿ ಅಂತ ಹಿಂದಿನವನಿಗೆ ಗೊತ್ತಾಗಲ್ಲ.

ಎಡಕುಮೇರಿ ಕಿಟಕಿ

ಸಾರಥಿಗಳು ಹೇಳಿದ್ದೆಲ್ಲ ಒಪ್ಪಿದೆ. ಅದಕ್ಕೇ ನನ್ನ ಓಟು ರೈಲಿಗೆ. ಓಡಿಸೋ ಚಿಂತೆ ಇಲ್ಲ, ನಿಲ್ಲಿಸೋ ಆಸೆಯೂ ತೀರುತ್ತೆ, ಯಾಕಂದ್ರೆ ಅದು ತಾನೇ ನಿಲ್ಲುತ್ತೆ.

ಬೆಂಗಳೂರು-ಮಂಗಳೂರು ರೈಲು ದಾರಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ., 57 ಸುರಂಗ. ಐವತ್ತು ಅಡಿ ಮುಂದೆ ಹೋದ್ರೆ ಒಂದು ಅಡಿ ಇಳಿಜಾರು. ರೈಲಿಗೆ ಇದು ಕಡಿದಾದ ಲೆಕ್ಕ, ಹಾಗಾಗಿ ಮೆಲ್ಲಗೆ, ಬ್ರೇಕ್ ಹಿಡಿದೇ ಇಳೀಬೇಕು. ಆ ನಿಧಾನವೇ ಬೇಕಾಗಿರೋದು. ಸುರಂಗದ ಕತ್ತಲೆ, ಹೊರಗೆ ಬಂದ ತಕ್ಷಣ ಕಾಲ ಕೆಳಗೆ ಸೇತುವೆ, ಅದರ ಕೆಳಗೆ ಕೆಂಪು ಹೊಳೆ, ಮತ್ತೆ ಕತ್ತಲೆ. ಮಂಜು ಬಂದ್ರೂ ಐದು ನಿಮಿಷಕ್ಕೆ ಅದರಿಂದ ಆಚೆ ಬಂದಿರ್ತೀರಿ. @ಅಡಿಕೆಸೋಗೆ ಅವರ ಹಾಗೆ ಒಂದೇ ಜಗಲಿಯಲ್ಲಿ ಕೂತ್ರೆ ಈ ಅನುಕೂಲ ಇಲ್ಲ ನೋಡಿ.

2021ರ ಜುಲೈನಿಂದ ಈ ದಾರಿಯ ಹಗಲಿನ ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕ್ತಿದ್ದಾರೆ. ವಯಸ್ಸಾದವರಿಗೆ ಆರಾಮ. ನನಗೆ ಮಾತ್ರ ಮಾಮೂಲಿ ಬೋಗಿಯ ತೆರೆದ ಕಿಟಕಿಯೇ ಇಷ್ಟ. ಎಸಿ ಗಾಜಿನ ಹಿಂದೆ ಕೂತ್ರೆ ಮಳೆಯ ವಾಸನೆ ಎಲ್ಲಿಂದ ಬರ್ಬೇಕು? ಹಳಿ ಮೇಲೆ ಚಾರಣ ಮಾಡೋ ಕಾಲ ಹೋಯ್ತು, ಈಗ ಹಿಡಿದ್ರೆ ಕೇಸು. ದೂಧ್‌ಸಾಗರದಲ್ಲೂ ಹಾಗೇ: 2023ರ ಜುಲೈನಲ್ಲಿ ಇಳಿದು ಹಳಿ ಮೇಲೆ ನಡೆದವರ ಕೈಲಿ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ರು, ವಿಡಿಯೋ ಎಲ್ಲರೂ ನೋಡಿರ್ತೀರಿ. ಬೋಗಿಯಲ್ಲೇ ಕೂತು ನೋಡಿ. ಮೇಲಿಂದ ಬೀಳೋ ನೀರಿನ ಹನಿ ಅಲ್ಲಿಗೇ ಬರುತ್ತೆ.

ಕೊಂಕಣ ರೈಲಿಗೆ ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಇದೆ, ವೇಗ ಇಳಿಸಿ ಓಡಿಸ್ತಾರೆ. ಟಿಕೆಟ್ ತೆಗೆಯೋವಾಗ ಹಳೇ ಟೈಮು ನಂಬ್ಬೇಡಿ. ಮತ್ತೆ ಯಾವ ರೈಲಿನ ಮೇಲೂ ಮರುದಿನದ ವಿಮಾನ ಕಟ್ಟಬೇಡಿ. 2024ರ ಜುಲೈ ಕೊನೆಗೆ ಎಡಕುಮೇರಿ ಹತ್ರ ಮಣ್ಣು ಕುಸಿದು ಎಷ್ಟೋ ದಿನ ಮಂಗಳೂರಿನ ಕಡೆ ರೈಲೇ ಇರಲಿಲ್ಲ.

ಕಡಲ್‌ದ ಬರಿ

ಘಾಟಿಯವರ ಮಾತು ಮುಗಿಯಿತಾ? ಕೆಳಗೆ ನಾವೂ ಇದ್ದೇವೆ ಮಾರಾಯ್ರೆ.

ಮೊದಲಿಗೆ ಮೀನಿನ ವಿಷಯ. ಜುಲೈಯಲ್ಲಿ ಬಂದು ಹೋಟೆಲಿನಲ್ಲಿ "ತಾಜಾ ಅಂಜಲ್ ಇಲ್ವಾ" ಅಂತ ಮುಖ ಸಿಂಡರಿಸುವುದು ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಉಂಟು, ಮೀನು ಮೊಟ್ಟೆ ಇಡುವ ಸಮಯ. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಅದನ್ನೇ ಒಮ್ಮೆ ನೋಡಿ ಬನ್ನಿ, ಬೇರೆ ಸಮಯ ಸಿಗುವುದಿಲ್ಲ. ಆಗ ನಮ್ಮ ಮನೆಗಳಲ್ಲಿ ನಡೆಯುವುದು ನಾಡದೋಣಿಯವರು ತಂದದ್ದು, ಹೊಳೆ ಮೀನು, ಮತ್ತೆ ಬೇಸಗೆಯಲ್ಲಿ ಒಣಗಿಸಿ ಇಟ್ಟದ್ದು. ಒಣ ಸಿಗಡಿ ಚಟ್ನಿ, ಕುಚ್ಚಲಕ್ಕಿ ಗಂಜಿ, ಹೊರಗೆ ಧೋ ಅಂತ ಮಳೆ. ಇದಕ್ಕಿಂತ ಹೆಚ್ಚು ಏನು ಬೇಕು ಹೇಳಿ. ಸಸ್ಯಾಹಾರಿಗಳಾದರೆ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಿಮ್ಮದೇ: ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ತಗತೆ ಸೊಪ್ಪಿನ ಅಂಬಡೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ. ಮೊದಲ ಗುಡುಗಿಗೆ ಏಳುವ ಕಲ್ಲಣಬೆ ಮಾತ್ರ ಜೂನ್‌ನಲ್ಲಿಯೇ ಮುಗಿಯುತ್ತದೆ, ಅದರ ಕಿಲೋ ಬೆಲೆ ಕೇಳಿದರೆ ಮಾಂಸವೇ ಅಗ್ಗ.

ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಮಾಡುತ್ತಾರೆ. ಕಬ್ಬಿಣ ತಾಗಿಸುವುದಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಖಾಲಿ ಹೊಟ್ಟೆಗೆ ಅದು, ಆಮೇಲೆ ತಂಪಿಗೆ ಮೆಂತೆ ಗಂಜಿ. ಗೊತ್ತಿರುವ ಮನೆಯಲ್ಲಿ ಕೊಟ್ಟರೆ ಕುಡಿಯಿರಿ, ನೀವೇ ಹೋಗಿ ಮರ ಕೆತ್ತಬೇಡಿ. ಮರ ತಪ್ಪಿದರೆ ವಿಷ.

ಹೊರಗಿನವರಿಗೆ ಗೊತ್ತೇ ಇಲ್ಲದ್ದು ಇನ್ನೊಂದುಂಟು. ಮೇ ಕೊನೆಯಲ್ಲಿ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಆಟ ನಿಂತಿತು ಅಂತ ಎಲ್ಲರೂ ತಿಳಿಯುತ್ತಾರೆ. ಬಯಲಾಟ ನಿಂತಿತು, ಸರಿ. ಆದರೆ ತಾಳಮದ್ದಳೆಯ ಸಮಯ ಶುರುವಾಗುವುದೇ ಆಗ. ವೇಷವಿಲ್ಲ, ಕುಣಿತವಿಲ್ಲ. ದೇವಸ್ಥಾನದ ಚಾವಡಿಯಲ್ಲಿ ಭಾಗವತರು ಪದ ಹೇಳುತ್ತಾರೆ, ಪಂಚೆ ಉಟ್ಟು ಕುಳಿತ ಇಬ್ಬರು ಬರೀ ಮಾತಿನಲ್ಲಿ ಕರ್ಣನೂ ಕೃಷ್ಣನೂ ಆಗುತ್ತಾರೆ. ಬರೆದಿಟ್ಟ ಮಾತಲ್ಲ, ಅಲ್ಲಲ್ಲೇ ಹುಟ್ಟುವುದು. ಮಳೆ ಜೋರಾದರೆ ಅರ್ಥಧಾರಿ ಅದನ್ನೂ ಪ್ರಸಂಗದೊಳಗೆ ಎಳೆದು ತರುತ್ತಾನೆ. ಚಿಕ್ಕಮೇಳವೂ ಉಂಟು. ಮುಸ್ಸಂಜೆಯ ಮೇಲೆ ಇಬ್ಬರು ವೇಷಧಾರಿಗಳು ಹಿಮ್ಮೇಳದ ಜೊತೆ ಮನೆ ಮನೆಗೆ ಬರುತ್ತಾರೆ. ದೀಪ ಹಚ್ಚಿ ಅಕ್ಕಿ, ತೆಂಗಿನಕಾಯಿ ಇಟ್ಟರೆ ನಿಮ್ಮ ಜಗಲಿಯಲ್ಲೇ ಹತ್ತು ಹದಿನೈದು ನಿಮಿಷದ ಕಥೆ. ಹಳ್ಳಿ ಮನೆಯಲ್ಲಿ ಉಳಿಯುವುದಾದರೆ ಯಜಮಾನರಿಗೆ ಮೊದಲೇ ಹೇಳಿಡಿ.

ಸಮುದ್ರ? ದೂರದಿಂದ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಮಳೆಗಾಲದಲ್ಲಿ ಎರಡೂ ಒಂದೇ ಕೆಂಪು. ನೀರಿಗೆ ಕಾಲು ಹಾಕಬೇಡಿ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇಲ್ಲ, ಕೇಳಿ ಬೇಜಾರಾಗಬೇಡಿ.

ಶೇಂಗಾಹೊಲ

ಇದು ಬೇಕಿತ್ತು. ತಾಳಮದ್ದಳೆ ಅಪ್ಪಂಗೆ ಹಿಡಿಸುತ್ತೆ, ಅವರು ದೊಡ್ಡಾಟದ ಊರಿನೋರು. ಇಂಬಳದ ಬಗ್ಗೆ ಯಾರಾದ್ರೂ ನಿಜ ಹೇಳಿ. ಅಮ್ಮ ಹೆಸರು ಕೇಳೇ ಬರಲ್ಲ ಅಂತಿದಾರೆ.

ವಟವಟ ರಾತ್ರಿ

ಇಂಬಳದಿಂದ ಯಾರೂ ಸತ್ತಿಲ್ಲ. ಕಚ್ಚಿದ್ದು ನೋವೂ ಆಗಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪದಾರ್ಥ ಬಿಡುತ್ತೆ, ಹಾಗಾಗಿ ಅದು ಬಿದ್ದು ಹೋದ ಮೇಲೂ ಸ್ವಲ್ಪ ಹೊತ್ತು ಸೋರುತ್ತೆ, ಅದನ್ನ ನೋಡಿ ಜನ ಗಾಬರಿಯಾಗ್ತಾರೆ. ಎಳೆದು ಕೀಳಬೇಡಿ, ಉಗುರಲ್ಲಿ ಬಾಯಿಯ ಹತ್ರ ಮೆಲ್ಲಗೆ ಸರಿಸಿ. ಊರಿನವರು ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ತಾರೆ. ಪೇಟೆಯವರಿಗೆ ಮಂಡಿವರೆಗಿನ ಒತ್ತು ನೇಯ್ಗೆಯ ಕಾಲುಚೀಲ ಸಾಕು. ಟಾರು ರಸ್ತೆ, ದೇವಸ್ಥಾನ, ಜಗಲಿ ಬಿಟ್ಟು ಕಾಡಿಗೆ ಇಳಿಯದ ಅಮ್ಮಂಗೆ ಒಂದೂ ಹತ್ತಲ್ಲ.

ನಾನು ಬಂದದ್ದು ಕಪ್ಪೆ ಮಾತಾಡೋಕೆ. ಮೇಲೆ ಅಡಿಕೆಸೋಗೆ ಅವರು ಕಪ್ಪೆ ಕೂಗೋದು ಹೇಳಿದ್ರು, ನೋಡೋಕೂ ಇದೆ. ಚಾರ್ಮಾಡಿ ತುದಿಯ ಕೊಟ್ಟಿಗೆಹಾರ ನೀರ್ದೋಸೆಗೆ ಹೆಸರುವಾಸಿ. ಅದೇ ಊರಿನ ಹೆಸರಲ್ಲಿ ಒಂದು ಕಪ್ಪೆಯೂ ಇದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ಕುಣಿಯೋ ಕಪ್ಪೆ. ತೊರೆಯ ಶಬ್ದದಲ್ಲಿ ಕೂಗು ಕೇಳಲ್ಲ ಅಂತ ಗಂಡು ಹಿಂಗಾಲು ನೀಡಿ, ಬೆರಳು ಬಿಡಿಸಿ ಬೀಸುತ್ತೆ. ದೋಸೆ ತಿನ್ನೋಕೆ ನಿಂತ ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಇದು ಗೊತ್ತಿರಲ್ಲ.

ಜೋಗದಿಂದ ಹೊನ್ನಾವರಕ್ಕೆ ಇಳಿಯೋ ದಾರಿಯ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. ಇಟ್ಟ ಮೊಟ್ಟೆಗೆ ಗಂಡು ಕೈಯಾರೆ ಮಣ್ಣು ಮೆತ್ತುತ್ತೆ. ವಿಜ್ಞಾನಕ್ಕೆ ಇದರ ಪರಿಚಯ ಆದದ್ದು 2014ರಲ್ಲಿ, ಕೆ.ವಿ. ಗುರುರಾಜ ಮತ್ತು ಜೊತೆಗಾರರಿಂದ, ಹೆಸರಿಗೆ 'ಕುಂಬಾರ' ಅನ್ನೋ ನಮ್ಮ ಮಾತನ್ನೇ ಇಟ್ಟರು. ಅದಿರೋದು ಕಾಡುಜಾಯಿಕಾಯಿ ಮರಗಳ ಜವುಗಿನಲ್ಲಿ. ಬೇರುಗಳು ಮಂಡಿ ಮಡಚಿದ ಹಾಗೆ ನೀರಿಂದ ಮೇಲೆದ್ದಿರೋ ಜಾಗ, ನೀವಾಗಿ ನುಗ್ಗೋ ಹಾಗಿಲ್ಲ. ಅನುಮತಿ, ಮಾರ್ಗದರ್ಶಿ ಎರಡೂ ಬೇಕು. ಅಲ್ಲಿಗೇ ಹೋಗಬೇಕು ಅಂತಲೂ ಇಲ್ಲ. ಉಳಿದ ಮನೆಯ ಬಾವಿಕಟ್ಟೆ, ಗದ್ದೆಯಂಚು ಸಾಕು. ಕೆರೆ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಮುದ್ದೆ ಕಂಡ್ರೆ ಅದು ಹಾರುಕಪ್ಪೆಯ ಗೂಡು, ಮರಿಗಳು ಅಲ್ಲಿಂದಲೇ ನೀರಿಗೆ ಉದುರ್ತವೆ. ಟಾರ್ಚು ನೆಲಕ್ಕೆ ಬಿಡಿ, ಕಪ್ಪೆ ಕಣ್ಣಿಗೆ ಬೇಡ. ಫ್ಲ್ಯಾಶ್ ಖಂಡಿತ ಬೇಡ. ಮಳೆಯಲ್ಲಿ ಹಾವೂ ಹೊರಗೆ ಬಂದಿರ್ತಾವೆ, ಗಂಬೂಟು ಹಾಕ್ಕೊಳ್ಳಿ.

ಮಾಸ್ತಿಕಟ್ಟೆ

ಹಿಂದೆಲ್ಲಾ ಜನ ಕಪ್ಪೆ ಕೂಗಿಗೆ ನಿದ್ದೆ ಬರಲ್ಲ ಅಂತ ದೂರ್ತಿದ್ರು. ಈಗ ಅದನ್ನ ಕೇಳೋಕೆ ದುಡ್ಡು ಕೊಟ್ಟು ರೂಮು ಮಾಡ್ತಾರೆ. ಒಳ್ಳೇದಾಯ್ತು ಬಿಡಿ.

ಉಣಕಲ್ ಕೆರಿದಂಡಿ

ಎಲ್ಲಾರೂ ಮಳಿ ಬೀಳೂ ಊರಿನ ಸುದ್ದಿನ ಹೇಳಾಕತ್ತೀರಿ. ಮಳಿ ಬೀಳದ ಕಡೆ ಹೊಳಿ ತುಂಬಿ ಬರೂದು ನೋಡೀರೇನು? ಮಂಜು ಬ್ಯಾಡ ಅನ್ನೂ ಚಳ್ಳಕೆರಿಯವರಿಗೆ ನಾ ಗೋಕಾಕ ಹೇಳ್ತೀನಿ. ಮ್ಯಾಲೆ ಬಿಸಿಲು ಬಿದ್ದಿರ್ತದ, ಒಣಾ ಕಲ್ಲಬಂಡಿ ಊರು. ಆದ್ರ ಘಟಪ್ರಭಾ ಘಟ್ಟದ ಮಳಿ ಎಲ್ಲಾ ಹೊತ್ಕೊಂಡು ಬಂದು 52 ಮೀಟರ್ ಕೆಳಗ ಬೀಳ್ತಾಳ. ರಾಡಿ ಬಣ್ಣದ ನೀರು, ಕಿವಿ ಗಡಚಿಕ್ಕೂ ಸಪ್ಪಳ, ಮ್ಯಾಲೆ ತೂಗಸೇತುವಿ. ಜುಲೈ, ಆಗಸ್ಟ್‌ನ್ಯಾಗ ಬರ್ರಿ. ಜೋಗದಾಗ ರಾಜಾ ಕಂಡ, ರಾಣಿ ಕಾಣಲಿಲ್ಲ ಅಂತ ಹಲುಬೂದು ಇಲ್ಲ. ಅತ್ತಾಗ ಮೈಸೂರು ಸೀಮಿಯವರಿಗೆ ಗಗನಚುಕ್ಕಿ, ಭರಚುಕ್ಕಿ ಹಂಗ, ಕಬಿನಿ, ಕನ್ನಂಬಾಡಿ ತುಂಬಿ ನೀರು ಬಿಟ್ಟಾಗ ನೋಡಬೇಕು.

ನಮ್ಮ ಧಾರವಾಡದ ಮಳಿನೂ ಕಡಿಮಿ ಇಲ್ರಿ. ಜಿಟಿಜಿಟಿ ಹಿಡಿದ್ರ ಬಿಡೂದಿಲ್ಲ, ಮಿರ್ಚಿ ಅಂಗಡಿಯವಂಗೂ ಪುರಸೊತ್ತು ಇರೂದಿಲ್ಲ.

ಎಡಕುಮೇರಿ ಕಿಟಕಿ

ಇದು ಒಳ್ಳೇ ಮಾತು. ಜೋಗದಲ್ಲಿ ಇನ್ನೊಂದು ತೊಡಕಿದೆ. ಶರಾವತಿಗೆ ಮೇಲೆ ಲಿಂಗನಮಕ್ಕಿ ಕಟ್ಟೆ ಇದೆಯಲ್ಲ, ಅದರ ಪೂರ್ಣ ಮಟ್ಟ 1,819 ಅಡಿ. ಅದು ತುಂಬಿ ಗೇಟು ತೆಗೆದ್ರೇನೆ 253 ಮೀಟರಿನ ಪೂರ್ತಿ ಅಬ್ಬರ. ತುಂಬೋದು ಸಾಮಾನ್ಯವಾಗಿ ಆಗಸ್ಟ್ ಮೇಲೆ, ಕೆಲವು ವರ್ಷ ತುಂಬೋದೇ ಇಲ್ಲ. ಪೇಪರಿನಲ್ಲಿ ಮಟ್ಟ ನೋಡ್ಕೊಂಡು ಹೊರಡಿ. ಮಂಜು ಬಂದ್ರೆ ಅಲ್ಲೇ ಕಾಯಿರಿ, ಗಾಳಿ ಒಂದು ಸಲ ಬೀಸಿದ್ರೆ ಪರದೆ ಎದ್ದು ನಾಲ್ಕೂ ಕವಲು ಒಟ್ಟಿಗೆ ಕಾಣ್ತವೆ, ಮತ್ತೆ ಮುಚ್ಚುತ್ತೆ. ಕಾರಿಂದ ಇಳಿದು ಸೆಲ್ಫಿ ತಗೊಂಡು ಹತ್ತೇ ನಿಮಿಷಕ್ಕೆ ಹೋಗೋರಿಗೆ ಇದು ಸಿಗಲ್ಲ.

ಮಸ್ಕತ್ ಮಾಣಿ

ಹ್ವಾಯ್, ನಾನೂ ಒಂದ್ ಹೇಳ್ತೆ. ಕುಂದಾಪ್ರದವ, ಕೆಲ್ಸ ಒಮಾನಿನಲ್ಲಿ. ಆಸಾಡಿ ತಿಂಗ್ಳಿಗೆ ಊರಿಗೆ ಬಪ್ಪುಕೆ ರಜೆ ಸಿಕ್ದಿದ್ರೆ ನಾವು ಎಂತ ಮಾಡುದ್ ಗೊತ್ತಿತ್ತಾ? ಸಲಾಲಕ್ಕೆ ಹೋಪುದ್. ಮಸ್ಕತ್ತಿಂದ ಸಾವಿರ ಕಿಲೋಮೀಟರ್ ಮರುಭೂಮಿ. ದೋಫಾರ್ ಗುಡ್ಡ ಬಂತು ಅಂದ್ರೆ ಒಮ್ಮೆಗೇ ಹಸ್ರು, ಕಾರಿನ ಗಾಜಿನ ಮೇಲೆ ಹನಿ.

ಅಲ್ಲಿಯವರು ಅದಕ್ಕೆ ಖರೀಫ್ ಅಂತಾರೆ, ಜೂನ್ 21ರಿಂದ ಸೆಪ್ಟೆಂಬರ್ 21. ನಮ್ಮೂರಿಗೆ ಮಳೆ ತರುವ ಅದೇ ನೈಋತ್ಯದ ಗಾಳಿ. ಆದ್ರೆ ಅಲ್ಲಿ ಕರಾವಳಿಯ ಸಮುದ್ರದಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ, ಹಾಗಾಗಿ ಜಡಿಮಳೆ ಅಲ್ಲ, ಮಂಜು ಮತ್ತು ಸೋನೆ. ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು ಮಾರುವ ಅಂಗಡಿ ಸಾಲು. ನಮ್ಮಲ್ಲಿ ಮಳೆ ಬಂದರೆ ಜನ ಒಳಗೆ ಓಡ್ತಾರೆ, ಅಲ್ಲಿ ಇಡೀ ಸಂಸಾರ ಹುಲ್ಲಿನ ಮೇಲೆ ಚಾಪೆ ಹಾಸಿ, ನೆನೆಯುತ್ತಾ ಕೂತು ಚಹಾ ಕುಡೀತದೆ. ಕೊಲ್ಲಿ ದೇಶಗಳಿಂದ ಅಷ್ಟು ದೂರ ಕಾರು ಹೊಡ್ಕೊಂಡು ಬಂದದ್ದು ಅದಕ್ಕೇ. ಮೊದಲ ಸಲ ನೋಡಿದಾಗ ನಗು ಬಂತು, ಆಮೇಲೆ ನಾವೂ ಚಾಪೆ ಹಾಸಿದೆವು.

ಶೇಂಗಾಹೊಲ

@ಮಸ್ಕತ್ ಮಾಣಿ ಚಾಪೆ ಹಾಸೋ ಪಾರ್ಟಿ ನಮ್ಮದೇ ಅನ್ಸುತ್ತೆ. ನಮ್ಮೂರಲ್ಲೂ ಮೊದಲ ಮಳೆಗೆ ಯಾರೂ ಒಳಗೆ ಓಡಲ್ಲ.

ಕಕ್ಕಡ ಹದಿನೆಂಟು

ಕೊಡಗಿನಿಂದ ಒಂದೇ ಮಾತು. ಆಗಸ್ಟ್ 3ರ ಸುಮಾರಿಗೆ ಬಂದರೆ ಮದ್ದುಸೊಪ್ಪಿನ ಪಾಯಸ ತಿನ್ನಿ. ಕಕ್ಕಡ ತಿಂಗಳ ಹದಿನೆಂಟನೇ ದಿನ ಆ ಗಿಡಕ್ಕೆ ಹದಿನೆಂಟು ಬಗೆ ಔಷಧ ಸೇರುತ್ತದೆ ಅಂತ ನಮ್ಮ ನಂಬಿಕೆ. ಬೇಯಿಸಿದ ನೀರು ಗಾಢ ನೇರಳೆ, ತಿಂದ ಮರುದಿನ ಮೂತ್ರ ಕೆಂಪಾದರೆ ಡಾಕ್ಟರ್ ಹತ್ತಿರ ಓಡಬೇಡಿ. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡವರು ನಾವು, ಆಮೇಲೆ ಇಳಿಜಾರಿನ ಮನೆಗಳಲ್ಲಿ ಜೋರು ಮಳೆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಗುಡ್ಡದ ಅಂಚಿಗೆ, ಹೊಸದಾಗಿ ಮಣ್ಣು ಕಡಿದು ಕಟ್ಟಿದ ರೂಮು ನೋಟ ಚೆನ್ನಾಗಿದೆ ಅಂತ ಹಿಡಿಯಬೇಡಿ. ಹಳೇ ಮನೆ, ಗದ್ದೆ ಬದಿಯ ಸಮತಟ್ಟು ನೋಡಿ.

ಘಾಟಿಸಾರಥಿ

ಮೇಲಿನದು ಎಲ್ಲರೂ ಎರಡು ಸಲ ಓದಿ.

ಶೇಂಗಾಹೊಲ

ಸರಿ, ಜಗಲಿ ಪಕ್ಷಕ್ಕೂ ರೈಲಿನ ಪಕ್ಷಕ್ಕೂ ರಾಜಿ ಮಾಡಿಸೋಣ ಅಂತ. ಯಾವಾಗ ಬರ್ಬೇಕು, ಹೆಂಗೆ ಬರ್ಬೇಕು, ಅಪ್ಪ ಅಮ್ಮನ ವಯಸ್ಸು ನೋಡಿ ಹೇಳಿ.

ಅಡಿಕೆಸೋಗೆ

ಮಘೆ ಮಳೆಗೆ ಬನ್ನಿ, ಆಗಸ್ಟ್ 17ರ ಮೇಲೆ. ಪುಷ್ಯದ ಅಬ್ಬರ ಕಳೆದಿರುತ್ತೆ, ಮಧ್ಯೆ ಮಧ್ಯೆ ಬಿಸಿಲೂ ಬೀಳುತ್ತೆ, ಹೊಳೆ ತುಂಬೇ ಇರುತ್ತೆ. ನಾಟಿ ಮುಗಿದ ಗದ್ದೆ ಆ ಹೊತ್ತಿಗೆ ಬೇರು ಹಿಡಿದು ಹಸಿರಾಗಿರುತ್ತೆ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅಂತಾರಲ್ಲ, ಬಂದು ಉಣ್ಣಿ. 15ರ ರಜೆಯ ವಾರ ಮಾತ್ರ ಬೇಡ, ಇಡೀ ಬೆಂಗಳೂರೇ ಘಾಟಿಯಲ್ಲಿರುತ್ತೆ. ನಾಟಿ ನೋಡಬೇಕು, ಗೊರಬು (ಎಲೆಯ ಮಳೆಗೊಪ್ಪೆ) ಹೊದ್ದ ಹೆಂಗಸರ ಸಾಲು ಕಾಣಬೇಕು ಅಂದ್ರೆ ಜುಲೈಯಲ್ಲೇ ಬರಬೇಕು. ಗೊರಬು ಈಗ ಕಡಿಮೆ, ಪ್ಲಾಸ್ಟಿಕ್ ಕೊಪ್ಪೆಯೇ ಜಾಸ್ತಿ.

ನಾಲ್ಕು ಊರು ಸುತ್ತಬೇಡಿ. ಶೃಂಗೇರಿ ಆಸುಪಾಸು ಒಂದು ಹಳ್ಳಿ ಮನೆಯಲ್ಲಿ ಮೂರು ರಾತ್ರಿ ನಿಲ್ಲಿ. ಕೋಣೆ, ಬಚ್ಚಲು ನೆಲಮಟ್ಟದಲ್ಲಿದೆಯಾ ಅಂತ ಫೋನಲ್ಲೇ ಕೇಳಿ. ಶೃಂಗೇರಿಯಲ್ಲಿ ತುಂಗೆ ಎಷ್ಟು ಏರಿದ್ದಾಳೆ ಅಂತ ನಾವು ಅಳೆಯೋದು ಕಪ್ಪೆ ಶಂಕರನನ್ನ ನೋಡಿ. ಹೊಳೆ ಜೋರಾದ್ರೆ ಆ ಪುಟ್ಟ ಗುಡಿ ಮುಳುಗುತ್ತೆ. ಅಲ್ಲಿಂದ ಹತ್ತು ಕಿಲೋಮೀಟರ್ ಸುಮಾರು ಕಿಗ್ಗ, ಋಷ್ಯಶೃಂಗೇಶ್ವರ. ಮಳೆ ಬಾರದಿದ್ರೆ ಬರಲಿ ಅಂತಲೂ ಅಲ್ಲೇ ಪೂಜೆ, ಜಾಸ್ತಿಯಾದ್ರೆ ನಿಲ್ಲಲಿ ಅಂತಲೂ ಅಲ್ಲೇ. ಚಳ್ಳಕೆರೆಯವರೂ ನಾವೂ ಒಂದೇ ದೇವರ ಮುಂದೆ ಎದುರು ಬದುರು ಅರ್ಜಿ ಹಿಡ್ಕೊಂಡು ನಿಲ್ಲಬಹುದು. ಮುಂದಿನ ಸಿರಿಮನೆ ಜಲಪಾತಕ್ಕೆ ಮೆಟ್ಟಿಲು ಇಳೀಬೇಕು. ಮಂಡಿನೋವಿನವರು ಮೇಲೇ ಕೂರಲಿ, ಶಬ್ದ ಅಲ್ಲಿಗೂ ಬರುತ್ತೆ. ಹೊರನಾಡಿಗೆ ಹೊರಡೋ ಮುಂಚೆ ಕಳಸದ ಹತ್ರ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಬಂದಿದೆಯಾ ವಿಚಾರಿಸಿ.

ಆಮೇಲೆ ಹಗಲಲ್ಲಿ ಆಗುಂಬೆ ಇಳಿದು ಉಡುಪಿ. ಅಲ್ಲಿ ಕೃಷ್ಣಾಷ್ಟಮಿ ಸೌರಮಾನದ ಲೆಕ್ಕ, ಕೆಲವು ವರ್ಷ ಸೆಪ್ಟೆಂಬರಿಗೆ ಹೋಗುತ್ತೆ. ಅದರ ಮರುದಿನದ ವಿಟ್ಲಪಿಂಡಿ ಸಿಕ್ಕಿದ್ರೆ ಹುಲಿವೇಷ ನಿಮ್ಮ ಅದೃಷ್ಟ. ವಾಪಸ್ ಬರೋವಾಗ ಮಂಗಳೂರಿಂದ ಹಗಲಿನ ರೈಲು ಹತ್ತಿ, ಕಿಟಕಿ ಪಕ್ಷದವರಿಗೂ ಸಮಾಧಾನ.

ಕಡಲ್‌ದ ಬರಿ

ಉಡುಪಿಗೆ ಬಂದಾಗ ಪತ್ರೊಡೆ ತಿನ್ನದೆ ಹೋಗಬೇಡಿ. ಹಬೆಯಲ್ಲಿ ಬೇಯಿಸಿದ್ದನ್ನು ಹಾಗೆಯೇ ತಿನ್ನುವುದಲ್ಲ, ಪುಡಿ ಮಾಡಿ ಬೆಲ್ಲ, ಕಾಯಿತುರಿ ಹಾಕಿ ಒಗ್ಗರಣೆ ಕೊಟ್ಟದ್ದು ಕೇಳಿ.

ಮಾಸ್ತಿಕಟ್ಟೆ

ಬೆಲ್ಲವಾ? ಪತ್ರೊಡೆಗೆ ಬೆಲ್ಲ ಹಾಕಿ ಹಾಳು ಮಾಡೋದು ಕರಾವಳಿಯವರೇ. ಬಿಲ್ಲೆ ಕುಯ್ದು ಕಾವಲಿ ಮೇಲೆ ತುಪ್ಪದಲ್ಲಿ ಕೆಂಪಗೆ ಕಾಯಿಸಬೇಕು. ಮರಕೆಸು ಆದ್ರೆ ಇನ್ನೂ ರುಚಿ.

ಶೇಂಗಾಹೊಲ

ಎರಡೂ ತಿಂತೀವಿ, ಜಗಳ ಬೇಡ. ಗಂಟಲು ಕೆರೆಯುತ್ತೆ ಅಂತಾರಲ್ಲ ಕೆಸುವಿನೆಲೆ?

ಅಡಿಕೆಸೋಗೆ

ಹುಣಸೆಹುಳಿ ಸರಿಯಾಗಿ ಹಾಕಿ, ಚೆನ್ನಾಗಿ ಬೇಯಿಸಿದ್ರೆ ಕೆರೆಯಲ್ಲ. ಕೆರೆದ್ರೆ ಮಾಡಿದವರದ್ದು ತಪ್ಪು. ಮನೆಯ ಫೋನ್ ನಂಬರ್ ಖಾಸಗಿಯಾಗಿ ಕಳಿಸ್ತೀನಿ. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನು, ಮಳೆ ಜೋರಿದ್ರೆ ಎತ್ತಲ್ಲ, ಬೆಳಿಗ್ಗೆ ಪ್ರಯತ್ನಿಸಿ.